ಮಾರಿಸ್ ಮೈನರಿಗೊಂದು ಬ್ಯಾಟರಿ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಬ್ಯಾಟರಿಯ ವಿಚಾರವೇಕೆ ಎಂದು ಓದುಗರು ಕೇಳಬಹುದು. ನಾನು ಪಾಠ ಹೇಳುವುದು ಇತಿಹಾಸ. ವಿಜ್ಞಾನದ ಸಹವಾಸ ಬಿಟ್ಟು ಎಷ್ಟೋ ವರ್ಷಗಳಾದುವು. ಆದರೆ ಮೂರು ವರ್ಷಗಳಲ್ಲಿ ಮೂರು ಬ್ಯಾಟರಿಗಳಿಗೆ ಹಣ ಸುರಿದು, ಮೂರನ್ನೂ ಕೊಂದು, ಆಮೇಲೆ ಬುದ್ಧಿ ಕಲಿತವನ ಮಾತಿಗೆ ಪುಸ್ತಕದ ಪಂಡಿತನ ಮಾತಿಗಿಲ್ಲದ ಒಂದು ಬೆಲೆ ಇದ್ದೇ ಇರುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ 1954ರ ಮಾರಿಸ್ ಮೈನರ್ ಕಾರೊಂದಿದೆ. ತಂದೆಯವರು ಅದನ್ನು 1972ರಲ್ಲಿ ಮೈಸೂರಿನ ವೈದ್ಯರೊಬ್ಬರಿಂದ ಕೊಂಡರು. ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ ರೂಪಿಸಿ, 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದ ಗುಂಡುಗುಂಡಾದ ಪುಟ್ಟ ಬಂಡಿ. ತಂದೆಯವರಿಗೆ ಅದು ಬಂಡಿಯಾಗಿರಲಿಲ್ಲ, ಮನೆಯ ಒಬ್ಬ ಸದಸ್ಯನಾಗಿತ್ತು. ಪ್ರತಿ ವರ್ಷವೂ ಕಾರ್ತಿಕ ಸೋಮವಾರ ತಾಯಿಯವರನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಶ್ರೀಕಂಠೇಶ್ವರನ ದರ್ಶನ ಮಾಡಿಸಿಕೊಂಡು ಬರುತ್ತಿದ್ದರು. 2015ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಷೆಡ್ಡು ಸೇರಿತು. ತಾಯಿಯವರೂ ನಂಜನಗೂಡಿನ ಹೆಸರೆತ್ತುವುದನ್ನು ಬಿಟ್ಟರು.

ಕಾರನ್ನು ಮಾರುವ ಮನಸ್ಸಿರಲಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅದನ್ನು ಚಾಲೂ ಮಾಡಿ, ಐದು ನಿಮಿಷ ಷೆಡ್ಡಿನಲ್ಲಿಯೇ ಎಂಜಿನ್ನು ಓಡಿಸಿ, ಕರ್ತವ್ಯ ಮುಗಿಯಿತೆಂದು ಬಾಗಿಲು ಹಾಕುತ್ತಿದ್ದೆ. ತಂದೆಯವರು ಬಿಟ್ಟುಹೋದ ಬ್ಯಾಟರಿ 2016ರಲ್ಲಿ ಸತ್ತಿತು. ವಯಸ್ಸಾಗಿತ್ತು ಎಂದುಕೊಂಡೆ. ಅಂಗಡಿಗೆ ಹೋಗಿ ಇದ್ದುದರಲ್ಲಿ ದೊಡ್ಡದನ್ನು, 65 ಆಂಪೇರು-ಗಂಟೆಯದನ್ನು ತಂದೆ. ದೊಡ್ಡ ಹಂಡೆಯಲ್ಲಿ ನೀರು ಹೆಚ್ಚು ದಿನ ಬರುತ್ತದೆಂಬ ತರ್ಕ. ಮೈನರಿನಲ್ಲಿ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹಿಂದಿನ ತಗಡುಗೋಡೆಗೆ ಸೇರಿದ ಒಂದು ತಟ್ಟೆಯಲ್ಲಿ. ನಾನು ತಂದದ್ದು ಅದರಲ್ಲಿ ಕೂರಲಿಲ್ಲ. ಹಿಡಿದಿಡುವ ಕಬ್ಬಿಣದ ಪಟ್ಟಿ ಮುಟ್ಟಲಿಲ್ಲ. ಹಗ್ಗದಿಂದ ಕಟ್ಟಿದೆ! ಅಲುಗಾಟಕ್ಕೆ ಒಳಗಿನ ಫಲಕಗಳ ಮೇಲಿನ ಲೇಪ ಉದುರುತ್ತದೆ, ಎತ್ತರದ ಬ್ಯಾಟರಿಯ ಅಗ್ರ ಬಾನೆಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ ಎಂಬ ಅರಿವು ಆಗ ನನಗಿರಲಿಲ್ಲ. ದೇವರ ದಯೆ, ಬೆಂಕಿ ಹತ್ತಲಿಲ್ಲ. ಬ್ಯಾಟರಿ ಮಾತ್ರ ವರ್ಷ ತುಂಬುವುದರೊಳಗೆ ಹೋಯಿತು. 2017ರಲ್ಲಿ ಅಗ್ಗದ್ದೊಂದನ್ನು ತಂದೆ, ಅದೂ ಹೋಯಿತು. 2018ರಲ್ಲಿ ರೋಸಿಹೋಗಿ ಬೆಲೆಬಾಳುವ, ನೀರು ಹಾಕುವ ಗೋಜಿಲ್ಲದ, ಮೊಹರು ಮಾಡಿದ ಬ್ಯಾಟರಿಯನ್ನು ತಂದೆ. ಇನ್ನು ಐದು ವರ್ಷ ನಿಶ್ಚಿಂತೆ ಎಂದುಕೊಂಡೆ.

2019ರ ಕಾರ್ತಿಕದಲ್ಲಿ ತಾಯಿಯವರು ತಾವಾಗಿಯೇ, "ಈ ಸೋಮವಾರ ನಂಜನಗೂಡಿಗೆ ಹೋಗಿ ಬರೋಣ ಕಣೋ. ಅವರ ಕಾರಿನಲ್ಲೇ ಹೋಗೋಣ" ಎಂದರು. ನಾಲ್ಕು ವರ್ಷಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸೋಮವಾರ ಬೆಳಗ್ಗೆ ಮಡಿಸೀರೆಯುಟ್ಟು, ಹೂವು ಹಣ್ಣಿನ ಬುಟ್ಟಿ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ನಾನು ಬೀಗದ ಕೈ ತಿರುಗಿಸಿದೆ. ಮೈನರಿನಲ್ಲಿ ಪೆಟ್ರೋಲು ಎತ್ತುವ ಪಂಪು ವಿದ್ಯುತ್ತಿನದು. ಕೈ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನಬೇಕು. ಅನ್ನಲಿಲ್ಲ. ಸ್ಟಾರ್ಟರಿನ ಗುಂಡಿ ಎಳೆದೆ, ಉಸಿರಿಲ್ಲ. ಮುಂದೆ ಹ್ಯಾಂಡಲು ಹಾಕಿ, ಬೀದಿಯ ಹುಡುಗರೆಲ್ಲ ನೋಡುತ್ತಿರಲು, ಭುಜ ಕಳಚುವವರೆಗೂ ತಿರುಗಿಸಿದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಿಡಿ ಕೊಡುವ ಕಾಯಿಲಿಗೂ ಪಂಪಿಗೂ ವಿದ್ಯುತ್ತಿಲ್ಲ. ಹ್ಯಾಂಡಲು ತಿರುಗಿಸುವುದು ಬರಿಯ ವ್ಯಾಯಾಮ ಎಂಬುದು ಆಮೇಲೆ ತಿಳಿಯಿತು. ತಾಯಿಯವರು ಇಳಿದು ಒಳಗೆ ಹೋದರು. ಬಾಡಿಗೆ ಕಾರು ತರುತ್ತೇನೆಂದೆ. "ಬೇಡ ಬಿಡು, ಇನ್ನೊಂದು ಸಲ ನೋಡೋಣ" ಎಂದರು.

ಆ ಸಂಜೆಯೇ ಬ್ಯಾಟರಿಯನ್ನು ಹೊತ್ತು ಹಳೆಯ ಬ್ಯಾಟರಿ ಕಸುಬುದಾರರಾದ ಒಬ್ಬ ಸಾಹೇಬರ ಅಂಗಡಿಗೆ ಹೋದೆ. ಅವರು ಮೀಟರು ಹಿಡಿದರು, 11.4 ವೋಲ್ಟು. ಕಾರು ಎಷ್ಟು ಓಡುತ್ತದೆಂದು ಕೇಳಿದರು. ಹೇಳಿದೆ. "ಮೇಷ್ಟ್ರೇ, ಇದು ದುಡಿದು ಸತ್ತಿಲ್ಲ, ಕೂತು ಸತ್ತಿದೆ. ನಾಲ್ಕನೆಯದು ಕೊಟ್ಟರೂ ನೀವು ಹೀಗೇ ಕೂರಿಸಿದರೆ ಅದೂ ಸಾಯುತ್ತೆ" ಎಂದರು. ಮೂರು ವರ್ಷ ನಾನು ಬ್ಯಾಟರಿ ಮಾಡುವವರನ್ನೂ ಮಾರುವವರನ್ನೂ ಬೈದುಕೊಂಡಿದ್ದೆ.

ಸಾಹೇಬರ ಮಾತಿನ ಹಿಂದಿನ ರಸಾಯನವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಾರಿನ ಸೀಸದ ಬ್ಯಾಟರಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದು. 12 ವೋಲ್ಟಿನದರಲ್ಲಿ ಆರು ಕೋಣೆಗಳು. ಒಂದೊಂದರಲ್ಲಿಯೂ ಸೀಸದ ಫಲಕಗಳು, ಸೀಸದ ಡಯಾಕ್ಸೈಡಿನ ಫಲಕಗಳು, ನೀರು ಬೆರೆಸಿದ ಗಂಧಕಾಮ್ಲ. ಕೋಣೆಯೊಂದಕ್ಕೆ ಸುಮಾರು 2.1 ವೋಲ್ಟಿನಂತೆ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ. ವಿದ್ಯುತ್ತು ಖರ್ಚಾದಂತೆ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಮತ್ತೆ ವಿದ್ಯುತ್ತು ಊಡಿದರೆ ಸಲ್ಫೇಟು ಕರಗಿ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಇದು ಹೊಸ ಸಲ್ಫೇಟಿನ ಮಾತು. ಸಕ್ಕರೆ ಪಾಕವನ್ನು ಹಾಗೆಯೇ ಬಿಟ್ಟರೆ ಹರಳುಗಟ್ಟುವಂತೆ, ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಬಿಟ್ಟರೆ ಈ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ಊಡಿದರೂ ಅದರ ಬಹುಭಾಗ ಜಗ್ಗುವುದಿಲ್ಲ.

ಉಪಯೋಗಿಸದೆಯೇ ಬರಿದಾಗುವುದೆಂತು? ಬ್ಯಾಟರಿ ತನ್ನಷ್ಟಕ್ಕೆ ತಾನೇ ಸೋರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ದಿನಕ್ಕೆ ನೂರಕ್ಕೆ ಅರೆಪಾಲು ಸೋರುತ್ತದೆಂದು ಇಟ್ಟುಕೊಂಡರೂ ಮೂರು ತಿಂಗಳಿಗೆ ಅರ್ಧ ಖಾಲಿ. ಇದಕ್ಕೆ ಹೋಲಿಸಿದರೆ ಎಂಜಿನ್ನು ಎಬ್ಬಿಸುವುದು ಏನೇನೂ ಅಲ್ಲ. ಸ್ಟಾರ್ಟರು ಮೂರು ಸೆಕೆಂಡು 200 ಆಂಪೇರು ಎಳೆದರೂ ಲೆಕ್ಕಕ್ಕೆ ಬರುವುದು ಒಂದು ಆಂಪೇರು-ಗಂಟೆಯ ಆರನೆಯ ಒಂದು ಪಾಲು ಮಾತ್ರ! ಇನ್ನು ಷೆಡ್ಡಿನಲ್ಲಿ ಐದು ನಿಮಿಷ ಎಂಜಿನ್ನು ಓಡಿಸುತ್ತಿದ್ದ ನನ್ನ ಆ ಕರ್ತವ್ಯ: ಮೈನರಿನಲ್ಲಿರುವುದು ಈಗಿನ ಆಲ್ಟರ್ನೇಟರು ಅಲ್ಲ, ಹಳೆಯ ಡೈನಮೊ. ರಸ್ತೆಯಲ್ಲಿ ವೇಗವಾಗಿ ಓಡುವಾಗ ಸುಮಾರು 20 ಆಂಪೇರು ಕೊಡುವ ಇದು, ಎಂಜಿನ್ನು ನಿಂತಲ್ಲೇ ಮೆಲ್ಲಗೆ ತಿರುಗುವಾಗ ಬ್ಯಾಟರಿಗೆ ಕೊಡುವುದು ಸೊನ್ನೆ. ಐದು ನಿಮಿಷ ಪೆಟ್ರೋಲು ಸುಟ್ಟು ನಾನು ಬ್ಯಾಟರಿಯಿಂದ ತೆಗೆಯುತ್ತಿದ್ದೆನೇ ಹೊರತು ಹಾಕುತ್ತಿರಲಿಲ್ಲ.

ಮರುದಿನ ಸಾಹೇಬರು ಮನೆಗೆ ಬಂದು, ತಮ್ಮದೊಂದು ಬ್ಯಾಟರಿ ಕೂರಿಸಿ, ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಅಳೆದರು. 13.2 ವೋಲ್ಟು. 14ರ ಮೇಲೆ ಇರಬೇಕಂತೆ. ರೆಗ್ಯುಲೇಟರಿನ ಚುಕ್ಕೆಗಳನ್ನು ಉಜ್ಜಿ ಸರಿಮಾಡಿ 14.2ಕ್ಕೆ ತಂದರು. "ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಇದನ್ನು ನೋಡಬೇಕು ಮೇಷ್ಟ್ರೇ. ತಿಂಡಿ ಸರಿಯಾಗಿ ಕೊಡದೆ ಮಗು ಸೊರಗಿತು ಅಂದರೆ ಹೇಗೆ?" ಎಂದರು. ಮೊಹರು ಮಾಡಿದ ನನ್ನ ದುಬಾರಿ ಬ್ಯಾಟರಿಯ ಗತಿಯೂ ಆಗ ಅರ್ಥವಾಯಿತು. ಅದರ ಫಲಕದ ಜಾಲರಿಯಲ್ಲಿ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಅದು ಸೋರುವುದು ಕಡಮೆ, ನೀರು ಕುಡಿಯುವುದೂ ಕಡಮೆ; ಆದರೆ ಹೊಟ್ಟೆ ತುಂಬಲು 14.4 ವೋಲ್ಟು ಅಥವಾ ಇನ್ನೂ ಹೆಚ್ಚು ಬೇಕು. ಒಮ್ಮೆ ಪೂರ್ತಿ ಬರಿದಾದರೆ ಚೇತರಿಸಿಕೊಳ್ಳುವುದೂ ಕಷ್ಟ. ಹೊಸ ಕಾರಿಗೆ ಅದು ಬಹಳ ಒಳ್ಳೆಯದು, ಡೈನಮೊ ಕಾರಿಗೆ ಅಷ್ಟಾಗಿ ಹೊಂದದು. ಆಮ್ಲವನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟ ಬ್ಯಾಟರಿಗಳೂ ಲಿಥಿಯಂ ಬ್ಯಾಟರಿಗಳೂ ಈಗ ದೊರೆಯುತ್ತವೆ. ವೋಲ್ಟನ್ನು ಏರುಪೇರು ಮಾಡುವ ಹಳೆಯ ರೆಗ್ಯುಲೇಟರಿನ ಕೈಗೆ ಅವುಗಳನ್ನು ಒಪ್ಪಿಸುವುದು ನನಗಂತೂ ಸರಿಕಾಣದು.

ಸಾಹೇಬರು ನನ್ನನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಆರಿಸಿದ ನಾಲ್ಕನೆಯ ಬ್ಯಾಟರಿ ನೋಡಲು ತೀರ ಸಾಧಾರಣ. 45 ಆಂಪೇರು-ಗಂಟೆಯದು, ಮೈನರಿಗೆ ಕಾರ್ಖಾನೆಯಲ್ಲಿ ಕೂರಿಸುತ್ತಿದ್ದುದೂ ಹೆಚ್ಚುಕಡಮೆ ಅಷ್ಟರದೇ. ಮೇಲೆ ಆರು ಬಿರಡೆ, ತೆಗೆದು ನೀರು ಹಾಕುವಂಥದು. ಜಾಲರಿಯಲ್ಲಿ ಕ್ಯಾಲ್ಸಿಯಂ ಬದಲು ಸ್ವಲ್ಪ ಆಂಟಿಮನಿ. ಇದು ನೀರು ಕೇಳುತ್ತದೆ, ಆದರೆ ಏಟು ತಡೆಯುತ್ತದೆ. ಅವರು ಮೊದಲು ನೋಡಿದ್ದು ಬೆಲೆಯನ್ನಲ್ಲ, ಮೈಮೇಲೆ ಒತ್ತಿದ್ದ ತಯಾರಿಕೆಯ ತಿಂಗಳನ್ನು. ಅಂಗಡಿಯ ಹಲಗೆಯ ಮೇಲೆ ಕುಳಿತರೂ ಬ್ಯಾಟರಿ ಕುಳಿತಂತೆಯೇ ತಾನೆ! ಎರಡು ತಿಂಗಳ ಒಳಗಿನದನ್ನೇ ಕೇಳಿ ಪಡೆದರು. ನಾನು ಹಿಂದೆ ತಂದ ಅಗ್ಗದ ಬ್ಯಾಟರಿಯ ಮೊಹರನ್ನು ಮನೆಗೆ ಬಂದು ಓದಿದರೆ, ನನ್ನ ಕೈಗೆ ಬರುವಾಗಲೇ ಅದಕ್ಕೆ ಹದಿನಾಲ್ಕು ತಿಂಗಳು ತುಂಬಿತ್ತು. ಆಮೇಲೆ ಅಗ್ರಗಳ ದಪ್ಪ ಅಳೆದರು. ಜಪಾನಿ ಮಾದರಿಯ ಚಿಕ್ಕ ಕಾರುಗಳ ಬ್ಯಾಟರಿಗೆ ತೆಳುವಾದ ಅಗ್ರಗಳಿರುತ್ತವೆ; ನಮ್ಮ ಹಳೆಯ ಬಿಗಿಪಟ್ಟಿ ಅವುಗಳ ಮೇಲೆ ಸಡಿಲ. ತಗಡು ಸುತ್ತಿ ಬಿಗಿದರೆ ಕೂತಂತೆ ಕಾಣುತ್ತದೆ, ಸ್ಟಾರ್ಟರು ಎಳೆದಾಗ ಕೈಕೊಡುತ್ತದೆ.

ಅಂಗಡಿಯವರು ಇನ್ನೊಂದು ಬ್ಯಾಟರಿ ತೋರಿಸಿ, ಇದರ ಚಳಿಗಾಲದ ಆಂಪೇರು ಬಹಳ ಹೆಚ್ಚು ಎಂದು ಹೊಗಳಿದರು. ಆ ಅಂಕಿಯನ್ನು ಅಳೆಯುವುದು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ. ಮೈಸೂರಿಗೆ ಅಂಥ ಚಳಿ ಬಂದರೆ ಕಾರಿನ ಯೋಚನೆ ಯಾರಿಗಿರುತ್ತದೆ! ಅದೇ ಗಾತ್ರದ ಪೆಟ್ಟಿಗೆಯಲ್ಲಿ ಆ ಅಂಕಿ ಏರಿಸಬೇಕಾದರೆ ತೆಳುವಾದ ಫಲಕಗಳನ್ನು ಹೆಚ್ಚಾಗಿ ತುರುಕಬೇಕು. ಸೆಕೆಯ ಊರಿನಲ್ಲಿ ತೆಳು ಫಲಕ ಬೇಗ ಸವೆಯುತ್ತದೆ. ನಮ್ಮ ಕಡೆ ಬ್ಯಾಟರಿಯ ಶತ್ರು ಚಳಿಯಲ್ಲ, ಏಪ್ರಿಲ್ ತಿಂಗಳು.

ಕೂರಿಸುವಾಗ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಈಗಿನ ಕಾರುಗಳಲ್ಲಿ ಋಣಾಗ್ರವನ್ನು ಕಾರಿನ ಮೈಗೆ ಸೇರಿಸುತ್ತಾರೆ. 1960ರ ದಶಕದವರೆಗಿನ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ, ನಮ್ಮ ಮೈನರಿನಲ್ಲಿ ಕೂಡ, ಮೈಗೆ ಸೇರುವುದು ಧನಾಗ್ರ. ಅಂಗಡಿಯ ಹುಡುಗ ಅಭ್ಯಾಸಬಲದಿಂದ ತಿರುವುಮುರುವು ಜೋಡಿಸಹೊರಟಿದ್ದ. "ಏಯ್, ತಡೆಯೋ!" ಎಂದು ಸಾಹೇಬರು ಕೂಗಿದ್ದರಿಂದ ಡೈನಮೊ, ರೆಗ್ಯುಲೇಟರು ಉಳಿದುವು. ಹಳೆಯ ಕಾರು ಇಟ್ಟುಕೊಂಡವರು ಬಾನೆಟ್ಟಿನ ಒಳಗೆ 'ಧನಾಗ್ರ ಮೈಗೆ' ಎಂದು ಬಣ್ಣದಲ್ಲಿ ಬರೆಸಿಡುವುದು ಒಳ್ಳೆಯದು. ಹೊಸ ಕಾರಿನಿಂದ ತಂತಿ ಎಳೆದು ಇಂಥ ಕಾರನ್ನು ಎಬ್ಬಿಸುವಾಗ ಎರಡು ಕಾರುಗಳ ಮೈ ಒಂದಕ್ಕೊಂದು ತಗುಲಲೇಕೂಡದು.

ಇನ್ನು ಪಾಲನೆ. ಹದಿನೈದು ದಿನಕ್ಕೊಮ್ಮೆಯಾದರೂ ಹಗಲಿನಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿ ಬರುತ್ತೇನೆ. ಅದು ಆಗದ ತಿಂಗಳು ಒಂದು ರಾತ್ರಿ ಚಾರ್ಜರಿಗೆ ಹಾಕುತ್ತೇನೆ. 45ರ ಹತ್ತನೆಯ ಒಂದು ಪಾಲು, ಎಂದರೆ ಸುಮಾರು 4 ಆಂಪೇರು ಸಾಕು. ಆಗ ಹೊರಡುವ ಜಲಜನಕ ಸಿಡಿಯುವ ಅನಿಲವಾದ್ದರಿಂದ ಷೆಡ್ಡಿನ ಬಾಗಿಲು ತೆರೆದಿಟ್ಟು, ಬೀಡಿ ಸಿಗರೇಟಿನವರನ್ನು ದೂರ ಇಡುತ್ತೇನೆ. ಫಲಕಗಳು ಮುಳುಗುವಂತೆ ಬಟ್ಟಿ ಇಳಿಸಿದ ನೀರನ್ನೇ ಹಾಕುತ್ತೇನೆ, ನಲ್ಲಿಯದನ್ನಲ್ಲ. ಕಾರು ಕೆಲವು ಗಂಟೆ ನಿಂತ ಮೇಲೆ ಮೀಟರು ಹಿಡಿದರೆ 12.4 ಎಂದರೆ ಮುಕ್ಕಾಲು ತುಂಬಿದೆ, 12.2 ಎಂದರೆ ಅರ್ಧ. ಅಲ್ಲಿಗಿಂತ ಕೆಳಗಿಳಿಯಲು ಬಿಟ್ಟಿಲ್ಲ.

ನಿಜವಾದ ಪರೀಕ್ಷೆ ಬೇಗನೆ ಬಂತು. 2020ರ ಮಾರ್ಚಿ 25ರಿಂದ ದೇಶವೇ ಬಾಗಿಲು ಹಾಕಿತು. ಕಾರು ಷೆಡ್ಡಿನಲ್ಲಿಯೇ ಉಳಿಯಿತು. ಹಿಂದಿನಂತಾಗಿದ್ದರೆ ಜೂನಿಗೆ ಇನ್ನೊಂದು ಶವ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಚಾರ್ಜರು ಹಾಕುವುದನ್ನು ತಾಯಿಯವರೇ ಪಂಚಾಂಗದಲ್ಲಿ ಗುರುತು ಮಾಡಿ ನೆನಪಿಸುತ್ತಿದ್ದರು. ಆ ವರ್ಷದ ಕಾರ್ತಿಕದಲ್ಲಿ ಬೀಗದ ಕೈ ತಿರುಗಿಸಿದೊಡನೆ ಪಂಪು ಟಿಕ್ ಟಿಕ್ ಎಂದಿತು, ಗುಂಡಿ ಎಳೆದ ಮೊದಲ ಸಲಕ್ಕೇ ಎಂಜಿನ್ನು ಹಿಡಿಯಿತು. ನಂಜನಗೂಡಿನ ದಾರಿಯುದ್ದಕ್ಕೂ ತಾಯಿಯವರು ಮಾತಾಡಲಿಲ್ಲ. ದೇವಸ್ಥಾನದ ಮುಂದೆ ಇಳಿಯುವಾಗ, "ಎಂಜಿನ್ನು ನಿಲ್ಲಿಸಬೇಡ, ಆಮೇಲೆ ಏಳದಿದ್ದರೆ?" ಎಂದರು. ನಿಲ್ಲಿಸಿದೆ, ಎದ್ದಿತು.

ಆ ಬ್ಯಾಟರಿ 2025ರ ಜನವರಿಯವರೆಗೆ, ಐದು ವರ್ಷಕ್ಕೂ ಮೇಲೆ ಬಾಳಿತು. ಕೊನೆಯಲ್ಲಿ ಆರರಲ್ಲಿ ಒಂದು ಕೋಣೆಯ ಆಮ್ಲ ಮಾತ್ರ ತೆಳುವಾಗಿಯೇ ಉಳಿಯತೊಡಗಿದಾಗ, ಅದೇ ಬಗೆಯ, ಅದೇ ಅಳತೆಯ ಇನ್ನೊಂದನ್ನು ತಂದೆ. ಹಳೆಯದನ್ನು ಗುಜರಿಗೆ ಎಸೆಯದೆ ಮಾರಿದವರಿಗೇ ಹಿಂದಿರುಗಿಸಿದೆ. ಒಳಗಿನ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡುತ್ತಾರೆ. ಸಾಹೇಬರು ಅದನ್ನು ಎತ್ತಿ ಒಳಗಿಡುತ್ತ, "ಇದು ದುಡಿದು ಸತ್ತದ್ದು ನೋಡಿ ಮೇಷ್ಟ್ರೇ" ಎಂದರು.