ಹೂವಿಗಿಂತ ಎಲೆ ಮುಖ್ಯ: ಚಿಟ್ಟೆ ತೋಟ ಬೆಳೆದು ಬಂದ ಬಗೆ

ಕರ್ನಾಟಕದಲ್ಲಿ ಚಿಟ್ಟೆಗಳಿಗೆಂದೇ ತೋಟ ಮಾಡುವ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾದದ್ದು 2006ರಲ್ಲಿ, ಬನ್ನೇರುಘಟ್ಟದಲ್ಲಿ. ಏಳೂವರೆ ಎಕರೆ ಜಾಗ, ಹತ್ತು ಸಾವಿರ ಚದರ ಅಡಿಯ ಪಾರದರ್ಶಕ ಗುಮ್ಮಟ, ಒಳಗೊಂದು ಕೃತಕ ಜಲಪಾತ. ದೇಶದ ಮೊದಲ ಚಿಟ್ಟೆ ಉದ್ಯಾನ ಎಂಬ ಹೆಸರೂ ಅದಕ್ಕೆ ಬಂತು. ನೋಡಲು ಬಂದವರ ಕಣ್ಣು ಹೂಗಳ ಮೇಲೆ. ಚಿಟ್ಟೆ ಸಾಕುವವರ ಚಿಂತೆಯೆಲ್ಲ ಎಲೆಗಳದ್ದು. ರೆಕ್ಕೆ ಬಂದ ಚಿಟ್ಟೆ ಹತ್ತಾರು ಬಗೆಯ ಹೂವಿನ ಮಕರಂದ ಹೀರಬಲ್ಲದು, ಮರಿಹುಳುವಿಗೆ ಮಾತ್ರ ತನ್ನ ಜಾತಿಗೆ ಗೊತ್ತಾದ ಕೆಲವು ಗಿಡಗಳೇ ಬೇಕು. ಆ ಗಿಡ ಇಲ್ಲದ ಕಡೆ ತಾಯಿ ಮೊಟ್ಟೆ ಇಡುವುದಿಲ್ಲ.

ಗುಮ್ಮಟವಿಲ್ಲದೆಯೂ ಈ ಕೆಲಸ ಸಾಧ್ಯ ಎಂದು ತೋರಿಸಿದ್ದು ಮೂಡುಬಿದಿರೆ ಬಳಿಯ ಬೆಳುವಾಯಿ. ಅಲ್ಲಿ ಸಮ್ಮಿಲನ್ ಶೆಟ್ಟಿ 2011ರಲ್ಲಿ ಏಳು ಎಕರೆಗೂ ಮಿಕ್ಕ ಜಾಗದಲ್ಲಿ ಆಹಾರ ಸಸ್ಯಗಳನ್ನು ಬೆಳೆಸತೊಡಗಿದರು. ಬಲೆ ಇಲ್ಲ, ಗೂಡಿಲ್ಲ. ಚಿಟ್ಟೆಗಳು ತಾವಾಗಿ ಬಂದವು. 2013ರಲ್ಲಿ ಅದು ಜನರಿಗೆ ತೆರೆಯಿತು. ಎರಡು ಮಾದರಿಗಳಲ್ಲಿ ಊರೂರಿಗೆ ಹೊಂದುವುದು ಎರಡನೆಯದೇ. ಗುಮ್ಮಟ ಪ್ರದರ್ಶನಕ್ಕೆ ಸರಿ, ಸಂತತಿಗೆ ಬಯಲೇ ಬೇಕು.

ಆದರೆ ಬೆಳುವಾಯಿಯ ಗಿಡಗಳ ಪಟ್ಟಿಯನ್ನು ಹಾಗೇ ಬಯಲುಸೀಮೆಯ ಶ್ರವಣಬೆಳಗೊಳಕ್ಕೆ ತಂದರೆ ಅರ್ಧಕ್ಕರ್ಧ ಒಣಗೀತು. ಒಂದೇ ಹಾಸನ ಜಿಲ್ಲೆಯಲ್ಲಿದ್ದರೂ ಸಕಲೇಶಪುರದ ಮಳೆ ಶ್ರವಣಬೆಳಗೊಳವಿರುವ ಚನ್ನರಾಯಪಟ್ಟಣದ ಕಡೆಗೆ ಬರುವುದಿಲ್ಲ. ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮಲೆನಾಡಿನದು. ಈಶ್ವರಿ ಬಳ್ಳಿ ನೆಟ್ಟು ಈ ಬಯಲಲ್ಲಿ ಅದಕ್ಕಾಗಿ ಕಾಯುವುದು ವ್ಯರ್ಥ. ಅದೇ ಬಳ್ಳಿ ತಿನ್ನುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳು ಬಯಲುಸೀಮೆಗೂ ಬರುತ್ತವೆ.

ಬಯಲಿನ ಗಿಡಗಳು ಬೇಲಿಯಲ್ಲೇ ಇವೆ. ಎಕ್ಕದ ಮೇಲೆ ಪ್ಲೇನ್ ಟೈಗರ್ ಮೊಟ್ಟೆ ಇಡುತ್ತದೆ. ಮರಿಹುಳು ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಎಕ್ಕದ ಹೂವಿನ ಪರಾಗಸ್ಪರ್ಶ ಮಾಡುವುದು ಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ. ಕಕ್ಕೆ, ತಂಗಡಿಗಳಲ್ಲಿ ಎಮಿಗ್ರಂಟ್ ಚಿಟ್ಟೆಗಳು, ಬಿಲ್ವ ಮತ್ತು ನಿಂಬೆಯಲ್ಲಿ ನಿಂಬೆ ಚಿಟ್ಟೆ, ಹರಳಿನಲ್ಲಿ ಕಾಮನ್ ಕ್ಯಾಸ್ಟರ್. ಹೊಂಗೆ ಬೇಸಿಗೆಯಲ್ಲಿ ಹೂ ಸುರಿದು ಜೇನನ್ನು ಸಾಕುತ್ತದೆ. ಹಾಸನದ ಮಡೇನೂರಿನ ಜೈವಿಕ ಇಂಧನ ಉದ್ಯಾನ ಹೊಂಗೆಗೆ ಒತ್ತು ಕೊಟ್ಟದ್ದು ಎಣ್ಣೆಗಾಗಿ. ಲಾಭದಲ್ಲಿ ಜೇನಿಗೂ ಪಾಲಿದೆ.

ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ಕಾಲುಗಳ ಬಳಿ ಹುತ್ತವಿದೆ, ತೊಡೆ ತೋಳುಗಳಿಗೆ ಮಾಧವಿ ಬಳ್ಳಿ ಹಬ್ಬಿದೆ. ಕಲ್ಲಿನಲ್ಲಿ ಕಾಣುವ ಈ ಬಳ್ಳಿ ತೋಟಗಳಲ್ಲಿ ಅಪರೂಪ. ಅದರ ಪರಿಮಳದ ಬಿಳಿ ಹೂವಿಗೆ ದೊಡ್ಡ ಜೇನುಗಳು ಬರುತ್ತವೆ, ಎಲೆಯ ಮೇಲೆ ಕೆಲವು ಜಿಗಿಚಿಟ್ಟೆಗಳು ಬೆಳೆಯುತ್ತವೆ. ಮಾರಿಷಸ್‌ನಲ್ಲಿ ಇದೇ ಮಾಧವಿ ಅಲ್ಲಿನ ಕಾಡನ್ನು ನುಂಗುವ ಕಳೆ. ನಮ್ಮ ಕಡೆ ಲಂಟಾನ ಮಾಡಿದ್ದೂ ಅದನ್ನೇ. ಮಕರಂದ ಎಷ್ಟಿದ್ದರೂ ಲಂಟಾನ ನೆಡುವುದು ತರವಲ್ಲ.

ಹೊಲದಲ್ಲಿ ಕೀಟಗಳನ್ನು ಕರೆಯುವ ವಿದ್ಯೆ ಹಳೆಯದು. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ, ಸಾಸಿವೆ, ಹುಚ್ಚೆಳ್ಳು ಹಾಕುವ ರೂಢಿಯಿತ್ತು. ಹುಚ್ಚೆಳ್ಳು ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟದು, ಜೇನು ಬರಲೇಬೇಕು. ಬದನೆ, ಟೊಮೆಟೊಗಳ ಪರಾಗ ಚೆನ್ನಾಗಿ ಉದುರಲು ಹೂವನ್ನು ಹಿಡಿದು ಝೇಂಕರಿಸಿ ನಡುಗಿಸುವ ಕೀಟ ಬೇಕು. ತುಡುವೆ ಜೇನಿಗೆ ಅದು ಬಾರದು, ನೀಲಿಪಟ್ಟಿಯ ಒಂಟಿ ಜೇನಿಗೆ ಬರುತ್ತದೆ. ಅದರ ಗೂಡು ಮಣ್ಣಿನಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿ ಹೂಕುಂಡ ಜೋಡಿಸಿದರೆ ಊಟ ಸಿಕ್ಕೀತು, ಮನೆ ಸಿಗದು.

ಹೀಗಾಗಿ ಹಿತ್ತಿಲ ಒಂದು ಮೂಲೆಯನ್ನು ಅಗೆಯದೆ, ಗುಡಿಸದೆ ಬಿಡಬೇಕು. ಒಣಗಿದ ಕೊಂಬೆ, ಬಿದಿರಿನ ತುಂಡು ಅಲ್ಲೇ ಇರಲಿ. ಮುಂಗಾರಿನ ಮೊದಲ ಮಳೆಗೆ ಗಿಡ ನೆಡಿ. ಹೂ ಬಿಟ್ಟ ಹೊತ್ತಿನಲ್ಲಿ ಔಷಧಿ ಹೊಡೆಯಬೇಡಿ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಹುಳು. ಅದನ್ನು ಕಿತ್ತೆಸೆಯಬೇಡಿ, ಕರಿಬೇವು ಮತ್ತೆ ಚಿಗುರುತ್ತದೆ.