ಪೀಣ್ಯದಲ್ಲಿ ಅಂಚು ಕಟ್ಟುವವರು

ಪೀಣ್ಯ ಎರಡನೇ ಹಂತದ ಈ ಶೆಡ್ಡಿಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ವಾಪಸು ಬಂದ ಗಾಜು. ಗೇಟಿನ ಒಳಬದಿಯಲ್ಲೇ ಕಬ್ಬಿಣದ ಸ್ಟ್ಯಾಂಡಿಗೆ ಒರಗಿಸಿಟ್ಟ ಹಳೆಯ ಜೋಡಿಗಾಜುಗಳು. ಇಲ್ಲಿನವರ ಬಾಯಲ್ಲಿ ಅವು ‘ಡಿಜಿಯು’: ಎರಡು ಗಾಜು, ನಡುವೆ 12 ಮಿಲಿಮೀಟರ್ ಜಾಗ, ನಾಲ್ಕೂ ಕಡೆ ಮುಚ್ಚಿದ ಅಂಚು. ಊರಿನ ಬೇರೆ ಬೇರೆ ಕಟ್ಟಡಗಳಿಂದ ಬಿಚ್ಚಿ, ಅದೇ ಅಳತೆಯ ಹೊಸದನ್ನು ಮಾಡಿಸಲೆಂದು ತಂದವು. ಎಲ್ಲದಕ್ಕೂ ಒಂದೇ ರೋಗ, ಒಳಗೆ ಮಬ್ಬು. ಒಂದರ ಕೆಳಮೂಲೆಯಲ್ಲಿ ನೀರಿನ ಹನಿಗಳು ಸಾಲುಗಟ್ಟಿವೆ, ಇನ್ನೊಂದರಲ್ಲಿ ಹನಿ ಒಣಗಿ ಬಿಳಿ ಕಲೆ ಕೂತಿದೆ. ಮನೆಯೊಳಗಿಂದ ಒರೆಸಿದರೂ ಹೋಗದು, ಹೊರಗೆ ಏಣಿ ಹಾಕಿ ಒರೆಸಿದರೂ ಹೋಗದು. ರೈಲಿನ ಎಸಿ ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಪಟ್ಟು, ಪರದೆ ಸರಿಸಿದರೆ ಬರೀ ಮಂಜು ಕಂಡವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಅದೂ ಇಂಥದೇ ಜೋಡಿಗಾಜು.

“ಗಾಜಿಗೇನೂ ಆಗಿಲ್ಲ ನೋಡಿ ಸರ್, ಹೋಗಿರೋದು ಅಂಚು” ಎಂದರು ಸೂಪರ್‌ವೈಸರ್. ಹಾಸನದ ಕಡೆಯವರು, ಗಾಜಿನ ಕೆಲಸದಲ್ಲೇ ಕೂದಲು ನರೆತಿದೆ. ಕಟರ್ ಚಾಕುವಿನಿಂದ ಒಂದು ಮೂಲೆಯನ್ನು ಸೀಳಿ ಬಿಡಿಸಿದರು. ಹೊರಗಡೆ ಗಟ್ಟಿ ರಬ್ಬರಿನಂಥ ಕಪ್ಪು ಪದರ. ಅದರ ಒಳಗೆ ಅಲ್ಯೂಮಿನಿಯಂನ ಟೊಳ್ಳು ಪಟ್ಟಿ, ಅದೇ ಸ್ಪೇಸರ್. ಆ ಪಟ್ಟಿಗೂ ಗಾಜಿಗೂ ನಡುವೆ, ಎರಡೂ ಬದಿ, ಮೂರ್ನಾಲ್ಕು ಮಿಲಿಮೀಟರ್ ಅಗಲದ ಇನ್ನೊಂದು ಕಪ್ಪು ಗೆರೆ. ಅದೇ ಬ್ಯೂಟಿಲ್, ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಎಳೆಯಿತು. ಮೂಲೆಯಲ್ಲಿ ಆ ಗೆರೆ ಉಗುರಿನಗಲ ತುಂಡಾಗಿತ್ತು. ಅಷ್ಟು ಸಾಕು.

ಯಾಕೆ ಸಾಕೆಂದರೆ, ಈ ಅಂಚಿಗೆ ದಿನವೂ ದುಡಿಮೆಯಿದೆ. ಬಿಸಿಲೇರಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಗಾಜುಗಳನ್ನು ಹೊರಕ್ಕೆ ನೂಕುತ್ತದೆ; ರಾತ್ರಿ ತಣಿದಾಗ ಕುಗ್ಗಿ ಒಳಕ್ಕೆ ಎಳೆಯುತ್ತದೆ. ವರ್ಷಗಟ್ಟಲೆ ಈ ನೂಕುವಿಕೆ, ಎಳೆಯುವಿಕೆ ನಡೆದೇ ಇರುತ್ತದೆ. ಸಣ್ಣ ಬಿರುಕಿದ್ದರೆ ಹಗಲು ಒಣಗಾಳಿ ಹೊರಗೆ ಹೋಗಿ ರಾತ್ರಿ ತೇವದ ಗಾಳಿ ಒಳಗೆ ಬರುತ್ತದೆ. ಮೊದಮೊದಲು ಬೆಳಗಿನ ಹೊತ್ತು ಮಾತ್ರ ಮಬ್ಬು, ಬಿಸಿಲು ಬಂದರೆ ಮಾಯ. ಮನೆಯವರು ಚಳಿಗಾಲ ಅಂದುಕೊಂಡು ಸುಮ್ಮನಾಗುತ್ತಾರೆ. ಆಮೇಲೆ ಆ ನೀರು ಗಾಜಿನೊಳಗಿನ ಸೋಡಿಯಂ ಅನ್ನು ಎಬ್ಬಿಸಿ ಬಿಳಿ ಕಲೆ ಕೂರಿಸುತ್ತದೆ. ಅಲ್ಲಿಗೆ ಆ ಕಿಟಕಿಯ ಕತೆ ಮುಗಿಯಿತು.

ಎರಡು ಗಾಜಿನ ನಡುವೆ ಗಾಳಿಯನ್ನು ಕೂಡಿಹಾಕುವ ಯೋಚನೆ ಹಳೆಯದು. ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ ಅದಕ್ಕೆ 1865ರಲ್ಲೇ ಪೇಟೆಂಟ್ ಪಡೆದ. ಕಳೆದ ಶತಮಾನದಲ್ಲಿ ಅಮೆರಿಕದ ಥರ್ಮೋಪೇನ್ ಗಾಜಿನವರು ಅಂಚಿಗೆ ಲೋಹವನ್ನೇ ಬೆಸೆದು ಮುಚ್ಚುತ್ತಿದ್ದರು. ಅಂದಿನಿಂದ ಇಂದಿನವರೆಗೂ ಗಾಜಿನವರ ತಲೆನೋವು ಆ ಅಂಚಿನದೇ. ಕೊಳ್ಳುವವರು ಮಾತ್ರ ಗಾಜಿನ ಕಂಪನಿ ಯಾವುದು, ದಪ್ಪ ಎಷ್ಟು, ಬಣ್ಣ ನೀಲಿಯೋ ಹಸಿರೋ ಎಂದಷ್ಟೇ ಕೇಳುತ್ತಾರೆ. ಅಂಚಿಗೆ ಏನು ಹಾಕುತ್ತೀರಿ ಎಂದು ಕೇಳಿದವರು ಬಹಳ ಕಡಿಮೆ ಎಂದು ಸೂಪರ್‌ವೈಸರ್ ಹೇಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಲಕ್ಷಗಟ್ಟಲೆ ಸುರಿದು ಕಿಟಕಿ ಮಾಡಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಅದು.

ಒಳಗೆ ಹೋದರೆ ಮೊದಲು ತೊಳೆಯುವ ಯಂತ್ರ. ಗಾಜು ನಿಂತುಕೊಂಡೇ ಉರುಳೆಗಳ ಮೇಲೆ ಸಾಗಿ, ಬ್ರಷ್ಷುಗಳ ನಡುವೆ ಹಾದು, ಗಾಳಿಯ ಹೊಡೆತಕ್ಕೆ ಒಣಗಿ ಆಚೆ ಬರುತ್ತದೆ. ಲವಣ ತೆಗೆದ ನೀರು ಬೇಕು. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಆಚೆ ತುದಿಯಲ್ಲಿ ದೀಪದ ಸಾಲಿನ ಮುಂದೆ ಗಾಜನ್ನು ನಿಲ್ಲಿಸಿ, ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ಅಂಚಿನತ್ತ ಕೈ ಚಾಚಿದ್ದೇ ತಡ, “ಕೈ ಹಚ್ಚಬ್ಯಾಡ್ರಿ ಸರ. ಬೆರಳಿನ ಜಿಡ್ಡು ಕುಂತ್ರ ಅಲ್ಲಿ ಬ್ಯೂಟಿಲ್ ಹಿಡಿಯಂಗಿಲ್ಲ” ಎಂದಳು. ಅವಳ ಕೈಗೆ ಗ್ಲೌಸ್ ಇತ್ತು.

ಬೆಂಗಳೂರಿನ ಆಫೀಸುಗಳಿಗೆ ಹೋಗುವ ಗಾಜಿನ ಒಂದು ಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ ಇರುತ್ತದೆ. ‘ಲೋ-ಇ’ ಎನ್ನುತ್ತಾರೆ. ಶಾಖವನ್ನು ತಡೆಯುವುದರಲ್ಲಿ ಅದರ ಪಾತ್ರ ದೊಡ್ಡದು. 6 ಮಿ.ಮೀ. ಒಂಟಿಗಾಜು, ಎರಡೂ ಬದಿಯ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಚದರ ಮೀಟರಿಗೆ ಸುಮಾರು 5.7 ವ್ಯಾಟ್ ಶಾಖ ದಾಟಿಸುತ್ತದೆ. ಅದನ್ನೇ ಜೋಡಿ ಮಾಡಿದರೆ 2.8ರ ಆಸುಪಾಸಿಗೆ ಇಳಿಯುತ್ತದೆ. ಲೇಪವೂ ಸೇರಿದರೆ ಎರಡಕ್ಕಿಂತ ಕೆಳಗೆ. ಆದರೆ ಈ ಬೆಳ್ಳಿ ಬಲು ನಾಜೂಕು, ತೇವ ತಾಗಿದರೆ ತುಕ್ಕು ಹಿಡಿದು ಕಲೆಗಟ್ಟುತ್ತದೆ. ಅದಕ್ಕೇ ಅದನ್ನು ಹೊರಗಾಜಿನ ಒಳಮೈಯಲ್ಲಿ ಬಚ್ಚಿಡುವುದು. ಅಂದರೆ ಅಂಚು ಕಾಯುತ್ತಿರುವುದು ಗಾಳಿಯನ್ನಷ್ಟೇ ಅಲ್ಲ, ಬೆಳ್ಳಿಯನ್ನೂ. ಅಂಚಿನ ಉದ್ದಕ್ಕೂ ಈ ಲೇಪವನ್ನು ಸಾಣೆಚಕ್ರದಿಂದ ಉಜ್ಜಿ ತೆಗೆಯುತ್ತಾರೆ. ಹಾಗೇ ಬಿಟ್ಟರೆ ಅಂಟು ಹಿಡಿಯುವುದು ಗಾಜನ್ನಲ್ಲ, ಲೇಪವನ್ನು. ಹೊರಗಿನ ತೇವ ಆ ದಾರಿಯಲ್ಲೇ ಒಳಗೆ ನಡೆದುಬಿಡುತ್ತದೆ.

ಮನೆಗೆ ಬಂದ ಗಾಜಿನಲ್ಲಿ ಲೇಪ ಇದೆಯೇ ಎಂದು ನೋಡಲು ಸೂಪರ್‌ವೈಸರ್ ಒಂದು ಉಪಾಯ ತೋರಿಸಿದರು. ಲೈಟರಿನ ಜ್ವಾಲೆಯನ್ನು ಗಾಜಿನ ಮುಂದೆ ಓರೆಯಾಗಿ ಹಿಡಿದರೆ ನಾಲ್ಕು ಪ್ರತಿಬಿಂಬ ಕಾಣುತ್ತವೆ, ನಾಲ್ಕು ಮೈಗೆ ನಾಲ್ಕು. ಒಂದರ ಬಣ್ಣ ಮಾತ್ರ ಬೇರೆ. ಲೇಪ ಇರುವುದು ಆ ಮೈಯಲ್ಲಿ.

ಸ್ಪೇಸರ್ ಬಾಗಿಸುವ ಮೇಜು ಮುಂದಿನದು. ಅಗ್ಗದ ಕೆಲಸದಲ್ಲಿ ಪಟ್ಟಿಯನ್ನು ನಾಲ್ಕು ತುಂಡು ಮಾಡಿ, ಮೂಲೆಗೆ ಪ್ಲಾಸ್ಟಿಕ್ ಕಾರ್ನರ್ ಕೀ ಸಿಕ್ಕಿಸುತ್ತಾರೆ: ನಾಲ್ಕು ಮೂಲೆ, ನಾಲ್ಕು ಸಂದು. ಇಲ್ಲಿ ಒಂದೇ ಪಟ್ಟಿಯನ್ನು ಮೂಲೆಯಲ್ಲಿ ಬಾಗಿಸಿ ಒಂದೇ ಕಡೆ ಕೂಡಿಸುತ್ತಾರೆ. ಗೇಟಿನ ಬಳಿ ಸೀಳಿ ನೋಡಿದ ಗಾಜು ಕೆಟ್ಟದ್ದು ಕಾರ್ನರ್ ಕೀ ಇದ್ದ ಮೂಲೆಯಲ್ಲೇ. ಟೊಳ್ಳು ಪಟ್ಟಿಯ ಹೊಟ್ಟೆಗೆ ಸಣ್ಣ ಹರಳುಗಳನ್ನು ಸುರಿಯುತ್ತಾರೆ. ಕೆಲಸದವರು ಅದನ್ನು ಸಿಲಿಕಾ ಜೆಲ್ ಎಂದರೂ ಅದು ಮಾಲಿಕ್ಯುಲರ್ ಸೀವ್, ಹರಳಿನ ಮೈತುಂಬ ಒಂದೇ ಅಳತೆಯ ಸೂಕ್ಷ್ಮ ರಂಧ್ರಗಳು. ‘3ಎ’ ಜಾತಿಯದೇ ಬೇಕು. ಅದರ ರಂಧ್ರದೊಳಗೆ ನೀರಿನ ಅಣು ತೂರುತ್ತದೆ; ನೈಟ್ರೋಜನ್, ಆರ್ಗಾನ್ ತೂರಲಾರವು. ದೊಡ್ಡ ರಂಧ್ರದ ಹರಳು ಹಾಕಿದರೆ ಅದು ಗಾಳಿಯನ್ನೂ ನುಂಗಿ, ಬಿಸಿಲಿಗೆ ಮತ್ತೆ ಉಗುಳುತ್ತದೆ. ಗಾಜಿನ ಉಬ್ಬುತಗ್ಗು ಇನ್ನಷ್ಟು ಹೆಚ್ಚುತ್ತದೆ.

ಹರಳು ಇನ್ನೂ ಜೀವಂತವಾಗಿದೆಯೇ? ಸ್ಟೀಲ್ ಲೋಟಕ್ಕೆ ಒಂದು ಹಿಡಿ ಹಾಕಿ, ಅಷ್ಟೇ ನೀರು ಹೊಯ್ದು, “ಮುಟ್ಟಿ ನೋಡಿ ಸರ್” ಎಂದರು ಸೂಪರ್‌ವೈಸರ್. ಕೈ ಹಿಂದೆಗೆಯುವಷ್ಟು ಬಿಸಿ. ನೀರನ್ನು ಹೀರುವಾಗ ಹರಳು ಶಾಖ ಬಿಡುತ್ತದೆ. ತಾಜಾ ಹರಳಾದರೆ ಥರ್ಮಾಮೀಟರ್ ಇದ್ದಲ್ಲಿಂದ ಮೂವತ್ತು ಡಿಗ್ರಿಗೂ ಹೆಚ್ಚು ಏರುತ್ತದೆ. ಡ್ರಮ್ಮಿನ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋದ ಕಾರ್ಖಾನೆಯ ಹರಳು ಪಟ್ಟಿಯೊಳಗೆ ಹೋಗುವ ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಮಳೆಗಾಲದಲ್ಲಂತೂ ಕೇಳಬೇಡಿ.

ಬ್ಯೂಟಿಲ್ ಯಂತ್ರದ ಬಳಿ ಬಿಸಿ ಡಾಂಬರಿನ ವಾಸನೆ ತೇಲುತ್ತಿತ್ತು. ಸುಮಾರು 120 ಡಿಗ್ರಿಗೆ ಕಾದ ಬ್ಯೂಟಿಲ್ ಎರಡು ನಾಜಲ್‌ಗಳಿಂದ ದಾರದಂತೆ ಇಳಿದು ಸ್ಪೇಸರಿನ ಎರಡೂ ಪಕ್ಕೆಗೆ ಕೂರುತ್ತದೆ. ಇದು ಎಂದೂ ಗಟ್ಟಿಯಾಗದ ವಸ್ತು. ಗಾಜನ್ನು ಎತ್ತಿ ಹಿಡಿಯುವ ಶಕ್ತಿ ಇದಕ್ಕಿಲ್ಲ, ಆದರೆ ನೀರಾವಿಯನ್ನು ತಡೆಯುವುದರಲ್ಲಿ ಇದರ ಸಮಕ್ಕೆ ಬರುವುದು ಈ ಶೆಡ್ಡಿನಲ್ಲಿ ಬೇರೊಂದಿಲ್ಲ. ಹೊರಗಿನ ಎರಡನೇ ಪದರದ ಗುಣ ತದ್ವಿರುದ್ಧ. ಪಾಲಿಸಲ್ಫೈಡ್ ಆಗಲಿ ಸಿಲಿಕೋನ್ ಆಗಲಿ, ಎರಡು ಗಾಜುಗಳನ್ನು ಬಿಗಿಯಾಗಿ ಕಟ್ಟುವುದು ಅದರ ಕೆಲಸ. ಸಿಲಿಕೋನ್ ಅಂತೂ ಆವಿಗೆ ಸುಲಭವಾಗಿ ದಾರಿ ಬಿಡುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಜಗ್ಗದು, ಪಾಲಿಸಲ್ಫೈಡ್ ಜಗ್ಗುತ್ತದೆ. ಅದಕ್ಕಾಗಿ ಅಂಚು ಚೌಕಟ್ಟಿನೊಳಗೆ ಮರೆಯಾಗುವ ಕಿಟಕಿಗೆ ಪಾಲಿಸಲ್ಫೈಡ್, ಚೌಕಟ್ಟೇ ಕಾಣದ ಗಾಜಿನ ಗೋಡೆಗೆ ಸಿಲಿಕೋನ್. ಎರಡು ಪದರದಲ್ಲಿ ಒಂದನ್ನು ಬಿಟ್ಟು ಹಣ ಉಳಿಸುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಮೋಸ. ಕೊಂಡವನಿಗೆ ಅದು ತಿಳಿಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಸ್ಪೇಸರ್ ಕೂರಿಸಿ, ಎರಡನೇ ಗಾಜು ಸೇರಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಕೇಳಿದವರಿಗೆ ಆರ್ಗಾನ್ ತುಂಬುತ್ತಾರೆ. ಗಾಳಿಗಿಂತ ಭಾರದ್ದಾದ್ದರಿಂದ ಕೆಳಗಿನಿಂದ ಬಿಟ್ಟರೆ ಗಾಳಿ ಮೇಲಿನಿಂದ ಹೊರಡುತ್ತದೆ. ನೂರಕ್ಕೆ ತೊಂಬತ್ತು ಪಾಲು ತುಂಬಿದರೆ ಸರಿ.

ಎರಡನೇ ಪದರ ತುಂಬುವ ಜಾಗದಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಪಾಲಿಸಲ್ಫೈಡ್ ಎರಡು ಡ್ರಮ್ಮಿನಲ್ಲಿ ಬರುತ್ತದೆ. ಬಿಳಿಯದು ಹತ್ತು ಪಾಲು, ಕರಿಯದು ಒಂದು ಪಾಲು. ಪಂಪು ಎರಡನ್ನೂ ಬೆರೆಸಿ ಗನ್ನಿಗೆ ಕಳಿಸುತ್ತದೆ. ಗನ್ ಹಿಡಿದ ಹುಡುಗ ಗಾಜಿನ ಬಳಿಗೆ ಹೋಗುವ ಮುಂಚೆ ಒಂದು ಬಿಳಿ ಕಾಗದಕ್ಕೆ ತುಸು ಹಿಂಡಿ, ಮಡಚಿ, ಅಂಗೈಯಿಂದ ಒತ್ತಿ ಬಿಡಿಸಿದ. ಕಾಗದದ ಎರಡೂ ಮಗ್ಗುಲಿಗೆ ಒಂದೇ ಸಮನೆ ಕಪ್ಪು ಹರಡಿತ್ತು. ಎಲ್ಲೂ ಬಿಳಿ ಎಳೆಯಿಲ್ಲ. ಚಿಟ್ಟೆಯ ರೆಕ್ಕೆಯ ಆಕಾರ ಬರುವುದರಿಂದ ಇದಕ್ಕೆ ಬಟರ್‌ಫ್ಲೈ ಟೆಸ್ಟ್ ಎಂದೇ ಹೆಸರು. ಬಿಳಿ ಎಳೆ ಕಂಡರೆ ಬೆರಕೆ ಸರಿಯಿಲ್ಲವೆಂದು ಅರ್ಥ. ಆ ಭಾಗ ಎಂದಿಗೂ ಗಟ್ಟಿಯಾಗದು. ತಾರೀಕು ಬರೆದು ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಆ ಮೊಳೆಯಲ್ಲಿ ಅಂಥ ಕಾಗದಗಳ ದಪ್ಪ ಕಟ್ಟೇ ಇತ್ತು. ಜೋಡಿಗಾಜು ಮಾಡಿಸಲು ಹೋದವರು ಈ ಕಟ್ಟನ್ನು ಕೇಳಿ ನೋಡಬೇಕು. ಅದಿಲ್ಲದ ಕಾರ್ಖಾನೆಗೆ ನಾನಂತೂ ಆರ್ಡರ್ ಕೊಡಲಾರೆ.

ಆಮೇಲೆ ಗನ್ ಮೂಲೆಯಿಂದ ಹೊರಟಿತು. ಅವನು ನಾಜಲ್ಲನ್ನು ಎಳೆಯುತ್ತಿರಲಿಲ್ಲ, ನೂಕುತ್ತಿದ್ದ. ಮುಂದೆ ಹೋಗುವ ಅಂಟು ಗಾಳಿಯನ್ನು ಹೊರದಬ್ಬಿಕೊಂಡೇ ಹೋಗುತ್ತದೆ, ಗುಳ್ಳೆ ಉಳಿಯದು. ಹಿಂದಿನಿಂದ ಇನ್ನೊಬ್ಬ ಪಟ್ಟಿಯಿಂದ ನಯ ಮಾಡುತ್ತ ಬಂದ. ಮಾತಿಲ್ಲ, ಒಂದೇ ವೇಗ. ಮೂಲೆ ಬಂದಾಗ ಮಾತ್ರ ಹುಡುಗ ಉಸಿರು ಬಿಗಿಹಿಡಿದು ಗನ್ನನ್ನು ತಿರುಗಿಸುತ್ತಿದ್ದ.

ಒಣಗಿದ ಗಾಜುಗಳನ್ನು ಲಾರಿಗೆ ಏರಿಸುವಲ್ಲಿ ಒಂದು ಜೋಡಿಯ ಅಂಚಿನಿಂದ ಸೂಜಿಯಂಥ ಸ್ಟೀಲ್ ನಳಿಗೆ ಹೊರಚಾಚಿತ್ತು. “ಅದು ಮಂಗಳೂರಿಗೆ” ಎಂದರು ಸೂಪರ್‌ವೈಸರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಇಲ್ಲಿನ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಒಂದು ಚದರ ಮೀಟರಿನ ಗಾಜಿನ ಜೋಡಿಯೊಳಗೆ ಇಲ್ಲಿ ಹನ್ನೆರಡು ಲೀಟರ್ ಗಾಳಿ ಕೂಡಿಹಾಕಿದರೆ, ಘಟ್ಟ ಇಳಿಯುವಷ್ಟರಲ್ಲಿ ಅದು ಹನ್ನೊಂದು ಲೀಟರಿಗೂ ಕಡಿಮೆ ಜಾಗಕ್ಕೆ ಕುಗ್ಗಲು ನೋಡುತ್ತದೆ. ಎರಡೂ ಗಾಜು ನಡುವೆ ತಗ್ಗಾಗುತ್ತವೆ. ದೊಡ್ಡ ಗಾಜಾದರೆ ಬಾಗಿ ತಾಳಿಕೊಳ್ಳುತ್ತದೆ. ಬಚ್ಚಲುಮನೆಯ ಗಾಳಿಕಿಂಡಿಯಂಥ ಸಣ್ಣ ಗಾಜು ಬಾಗುವುದೇ ಇಲ್ಲ. ಹೊರೆಯೆಲ್ಲ ಗಾಜಿನ ಮೇಲೆ, ಅಂಚಿನ ಮೇಲೆ. ನಳಿಗೆಯಲ್ಲಿ ಗಾಳಿ ನಿಧಾನವಾಗಿ ಆಡಿ ಒತ್ತಡ ಸಮವಾಗುತ್ತದೆ. ಹಾಗೆ ನಳಿಗೆ ಇಟ್ಟ ಜೋಡಿಗೆ ಆರ್ಗಾನ್ ತುಂಬಿ ಪ್ರಯೋಜನವಿಲ್ಲ, ನಿಲ್ಲುವುದಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿ ಕಳಿಸಿದ ಗಾಜು ಹಾಳಾಗುವುದು ಬಹಳ ಸಲ ಕೂರಿಸುವ ಕಡೆ. ಕಿಟಕಿ ಚೌಕಟ್ಟಿನ ತಳದಲ್ಲಿ ಮಳೆನೀರು ಹೊರಹೋಗಲು ತೂತುಗಳಿರುತ್ತವೆ. ಅಲ್ಲಿಂದ ನೀರು ಒಳಗೆ ಬರುತ್ತದೆಂದು ಹೆದರಿ ಫಿಟ್ಟಿಂಗಿನವರು ಅವನ್ನೇ ಸಿಲಿಕೋನಿನಿಂದ ಮುಚ್ಚುತ್ತಾರೆ. ಆಮೇಲೆ ಅಂಚು ನೀರಿನಲ್ಲೇ ನಿಂತಿರುತ್ತದೆ. ನೀರಲ್ಲಿ ನೆನೆದು ಬಾಳುವ ಅಂಚು ಈ ಶೆಡ್ಡಿನಲ್ಲಿ ತಯಾರಾಗುವುದಿಲ್ಲ. ಗಾಜಿನ ಕೆಳಗೆ ಇಡಬೇಕಾದ ರಬ್ಬರ್ ತುಂಡನ್ನೂ ಮರೆಯುತ್ತಾರೆ. ಇನ್ನು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಹಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್. ಅಕ್ವೇರಿಯಮ್ಮಿಗೆ ಅದು ಸರಿ. ಜೋಡಿಗಾಜಿನ ಅಂಚಿಗೆ ತಾಗಿದರೆ ಅದು ಬಿಡುವ ಆಮ್ಲ ಅಂಚನ್ನು ಕೆಡಿಸಬಲ್ಲದು. ಇಲ್ಲಿ ಬೇಕಾದದ್ದು ನ್ಯೂಟ್ರಲ್ ಸಿಲಿಕೋನ್. ಹೊಂದದ ಅಂಟು ತಾಗಿ ಬ್ಯೂಟಿಲ್ ಕರಗಿ ಗಾಜಿನ ಮೇಲೆ ಕಪ್ಪಗೆ ಇಳಿದದ್ದನ್ನೂ ಗೇಟಿನ ಬಳಿಯ ಸ್ಟ್ಯಾಂಡಿನಲ್ಲಿ ತೋರಿಸಿದರು.

ರಸ್ತೆಯ ಸದ್ದು ತಾಳಲಾರದೆ ಜೋಡಿಗಾಜು ಹಾಕಿಸುವವರಿಗೆ ಒಂದು ಮಾತು. 12 ಮಿ.ಮೀ. ಸಂದು ಲಾರಿಯ ಗುಡುಗಿನಂಥ ದಪ್ಪ ಸದ್ದನ್ನು ಹೆಚ್ಚೇನೂ ತಡೆಯದು. ಅದಕ್ಕೆ ನಡುವೆ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬೇಕು, ಚೌಕಟ್ಟಿನ ಸಂದು ಬಿಗಿಯಿರಬೇಕು.

ಈಗಾಗಲೇ ಮಬ್ಬಾದ ಕಿಟಕಿ ಮನೆಯಲ್ಲಿದ್ದರೆ, ಚೌಕಟ್ಟು ಕೀಳಿಸಬೇಕಿಲ್ಲ. ತೂತು ಕೊರೆದು ಒಳಗೆ ಒಣಗಿಸಿಕೊಡುತ್ತೇವೆ ಎಂಬುದಕ್ಕೂ ಮರುಳಾಗಬಾರದು. ಪಟ್ಟಿಯೊಳಗಿನ ಹರಳು ಆಗಲೇ ತುಂಬಿದೆ, ಅಂಚಿನ ಬಿರುಕು ಅಲ್ಲೇ ಇದೆ. ಬೀಡಿಂಗ್ ಬಿಚ್ಚಿ ಆ ಜೋಡಿಯನ್ನಷ್ಟೇ ಬದಲಿಸಿದರೆ ಸಾಕು. ಅಳತೆ ಕೊಡುವಾಗ ಉದ್ದ, ಅಗಲದ ಜೊತೆಗೆ ಒಟ್ಟು ದಪ್ಪವನ್ನೂ ಬರೆದುಕೊಡಬೇಕು. 6, 12, 6 ಆದರೆ 24 ಮಿಲಿಮೀಟರ್. ಹಳೆಯ ಚೌಕಟ್ಟಿನ ಬೀಡಿಂಗಿಗೆ ಅಷ್ಟೇ ದಪ್ಪದ್ದು ಕೂರುವುದು. ಜೊತೆಗೆ ಸ್ಪೇಸರಿನ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿಕೊಡಿ ಎಂದು ಕೇಳಬೇಕು. ಇಲ್ಲಿ ಹಾಕುತ್ತಾರೆ, ಕೆಳಮೂಲೆಯಲ್ಲಿ, ಒಳಗಡೆಗೆ ಕಾಣುವ ಹಾಗೆ.