ಜೈಲಿನ ಕಥೆ ಮುಚ್ಚಿಡುವ ಕಥೆಯಲ್ಲ

ಕರಾವಳಿಯಿಂದ ಮದರಸದ ಕೆಲಸಕ್ಕೆಂದು ಘಟಪ್ರಭಾ ದಂಡೆಯ ಮಸಗುಪ್ಪಿಗೆ ಬಂದ ಮೇಲೆ ಊರಿನ ‘ಉಸ್ತಾದ್’ ಆಗಿದ್ದ ನಾವು ‘ಹಜರತ್’ ಆದೆವು. ಇಶಾ ನಮಾಝ್ ಬಳಿಕ ಕೂತು ಮಾತಾಡುವ ನಾಲ್ಕೈದು ಮಂದಿಯಲ್ಲಿ ಒಬ್ಬರು ಒಂದು ದಿನ ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’ ಕಾದಂಬರಿ ತಂದುಕೊಟ್ಟರು. “ನಮ್ಮ ಕಡೆಯವ್ರು ಬರದದ್ದು, ಓದ್ರಿ” ಎಂದರು.

ಕಟ್ಟೀಮನಿಯವರು 1919ರಲ್ಲಿ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡವರು. ಆ ಹೋರಾಟವನ್ನೇ ಈ ಕಾದಂಬರಿಯಲ್ಲಿ ಬರೆದರು. 1974ರಲ್ಲಿ ಅದು ಸಿನಿಮಾ ಕೂಡ ಆಯಿತು.

ಪುಸ್ತಕ ನಮ್ಮ ಕೈಯಿಂದ ಮನೆಮನೆಗೆ ಹೋಯಿತು. “ಇದು ಖರೇನೋ, ಕಥೀನೋ?” ಎಂದು ಒಬ್ಬ ಯುವಕ ಕೇಳಿದ. ಎಪ್ಪತ್ತು ದಾಟಿದ ಚಾಚಾ ಒಬ್ಬರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮಜ್ಜನೂ ಆ ಗದ್ದಲದಾಗ ಒಳಗ ಹೋಗಿ ಬಂದಾಂವ. ಮನ್ಯಾಗ ಯಾರೂ ಆ ಮಾತು ಎತ್ತತಿರಲಿಲ್ರೀ. ಜೇಲಿಗೆ ಹೋದ ಮನಿಗೆ ಹೆಣ್ಣು ಕೊಡೂದಿಲ್ಲ ಅಂತ ಹೆದರಿಕಿ.” ಮೊಮ್ಮಕ್ಕಳಿಗೂ ಅದು ಅಂದೇ ಗೊತ್ತಾದದ್ದು.

ಒಬ್ಬ ತಾಯಿ ಎರಡು ರಾತ್ರಿಯಲ್ಲಿ ಓದಿ ಮುಗಿಸಿ ಮಗನ ಕೈಲಿ ಹೇಳಿ ಕಳಿಸಿದರು: “ಒಳಗಿದ್ದವ್ರಿಗೆ ಸರ್ಕಾರ ರೊಟ್ಟಿ ಹಾಕ್ತು. ಮನ್ಯಾಗಿದ್ದವ್ರ ಒಲಿ ಹೆಂಗ ಉರೀತು, ಅದನ್ನ ಯಾರು ಬರೀಬೇಕು?” ಉತ್ತರ ನಮ್ಮಲ್ಲಿರಲಿಲ್ಲ.

ಜೈಲು ಎಂದರೆ ಅವಮಾನವೇ? ಯೂಸುಫ್ ನಬಿ (ಅ.ಸ.) ತಪ್ಪಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿದ್ದರು. ರಾಜನ ಕರೆ ಬಂದಾಗಲೂ ಓಡಿ ಹೊರಬರಲಿಲ್ಲ. ಮೊದಲು ಸತ್ಯ ವಿಚಾರಿಸಿ ಎಂದರು. ಮದರಸದಲ್ಲಿ ಇದನ್ನು ಕಲಿಸುವ ನಾವೇ ನಮ್ಮ ಮನೆಯ ಹಿರಿಯರ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವುದು ಯಾಕೆ?

ಅಷ್ಟರಲ್ಲಿ ಒಬ್ಬ ಹುಡುಗ ಕೇಳಿದ: “ಹಜರತ್, ಜೇಲಿಗೆ ಹೋದವ್ರಾಗ ನಮ್ಮವ್ರು ಯಾರೂ ಇರಲಿಲ್ಲೇನ್ರಿ?” ನಾವು ಕಯ್ಯೂರಿನ ಕಥೆ ಹೇಳಿದೆವು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಊರು ಅದು. 1941ರಲ್ಲಿ ಅಲ್ಲಿನ ರೈತ ಹೋರಾಟದ ವೇಳೆ ಒಬ್ಬ ಪೊಲೀಸ್ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬರು ಪಳ್ಳಿಕ್ಕಲ್ ಅಬೂಬಕರ್. ನಿರಂಜನರು ‘ಚಿರಸ್ಮರಣೆ’ ಬರೆದದ್ದು ಇವರನ್ನು ನೆನೆದೇ. ಹುಡುಗ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆ ಹೆಸರು ನಮ್ಮ ಬ್ಯಾರಿ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

ಆ ತಾಯಿಯ ಪ್ರಶ್ನೆ ಮಾತ್ರ ಇನ್ನೂ ನಮ್ಮ ಜೊತೆಗಿದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ನಮ್ಮ ಕರಾವಳಿಯ ಎಷ್ಟೋ ಗಂಡಸರು ಅಲ್ಲಿ ಸಿಕ್ಕಿಬಿದ್ದಿದ್ದರು. ಅವರದು ಜೈಲಲ್ಲ, ಆದರೆ ಬಾಗಿಲೂ ತೆರೆದಿರಲಿಲ್ಲ. ಇಲ್ಲಿ ಕಾಗದವಿಲ್ಲ, ಫೋನಿಲ್ಲ, ಉಮ್ಮಂದಿರು ದುಆ ಮಾಡುತ್ತಾ ಕಾದರು. ಬಂದವರೂ ಹೇಳಲಿಲ್ಲ, ಕಾದವರೂ ಹೇಳಲಿಲ್ಲ. ಅವರಿಗೆ ಈಗ ವಯಸ್ಸಾಗಿದೆ.

ಓದುಗರೇ, ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದ ಮೇಲೆ ಒಮ್ಮೆ ಅವರ ಪಕ್ಕದಲ್ಲಿ ಕೂತು ಕೇಳಿ. ಬ್ಯಾರಿಯಲ್ಲಿ ಹೇಳಲಿ, ನೀವು ಕನ್ನಡದಲ್ಲಿ ಬರೆದಿಡಿ. ಕಾದಂಬರಿ ಆಗದಿದ್ದರೂ ಪರವಾಗಿಲ್ಲ, ಮೊಮ್ಮಕ್ಕಳಿಗೆ ಗೊತ್ತಾದರೆ ಸಾಕು.